ಸಹಾಯ ಬೇಕು: ಟೋನಿಯೊ ಪಾತ್ರದ ಒಂಬತ್ತು ಹೈ ಸಿ

ಡೊನಿಜೆಟ್ಟಿ 1840ರಲ್ಲಿ ಪ್ಯಾರಿಸ್‌ನ ಒಪೆರಾ-ಕೊಮಿಕ್ ರಂಗಮಂದಿರಕ್ಕೆ ಬರೆದ 'ಲಾ ಫಿಯ್ ದ್ಯು ರೆಜಿಮಾಂ' ಒಪೆರಾದ ತಾಲೀಮು ನಡೆದಿದೆ. ಟೆನರ್‌ಗಳು (ಎತ್ತರದ ದನಿಯ ಗಾಯಕರು) ಆಸೆಪಡುವ ಮೊದಲ ಅಂಕದ 'ಪೂರ್ ಮೊನ್ ಆಮ್' ಹಾಡಿನಲ್ಲಿ ಒಂಬತ್ತು ಹೈ ಸಿ (ಟೆನರ್ ದನಿಗೆ ತುಂಬ ಎತ್ತರದ ಸ್ವರ) ಬರುತ್ತವಲ್ಲ, ನಾಲ್ಕೈದು ಸಲೀಸು. ಆಮೇಲೆ ಟೋನಿಯೊ ಹಾಡುವವರ ಗಂಟಲು ಬಿಗಿಯುತ್ತದೆ. ಎದೆದನಿಯ ಭಾರವನ್ನೇ ಮೇಲಕ್ಕೆ ಒಯ್ಯುವುದು, ಪ್ರತಿ ಸಾಲಿಗೂ ಉಸಿರು ಅತಿಯಾಗಿ ತುಂಬಿಕೊಳ್ಳುವುದು ಕಾರಣವಿರಬೇಕು. ಶ್ರುತಿ ಅರ್ಧ ಮನೆ ಇಳಿಸಿ, ಬಿ ಸ್ವರದಲ್ಲಿ ಪಳಗಿಸಿ, ಆಮೇಲೆ ಏರಿಸಿದರೆ ಸರಿಹೋದೀತೇ? ಎರಡನೇ ಅಂಕದ ನಿಧಾನದ ಹಾಡಿಗೂ ದಮ್ಮು ಉಳಿಯಬೇಕು (ಚಪ್ಪಾಳೆ ಕಡಿಮೆ, ಕಷ್ಟ ಜಾಸ್ತಿ ಅದಕ್ಕೇ!).

ಜೊತೆಗೆ, ಮಾತಿನ ಭಾಗಗಳೂ ಇರುವ ಫ್ರೆಂಚ್ ಪಿಯಾನೊ-ವೋಕಲ್ ಸ್ಕೋರ್ (ಹಾಡು, ಪಿಯಾನೊಗಳ ಸ್ವರಲಿಪಿ ಪುಸ್ತಕ) ಯಾರ ಹತ್ತಿರವಾದರೂ ಇದೆಯೇ? ಇಟಾಲಿಯನ್ ಆವೃತ್ತಿ ಬೇಡ, ಅದರಲ್ಲಿ ಮಾತಿನ ಬದಲು ರೆಸಿಟೇಟಿವ್ (ಮಾತಿನ ಧಾಟಿಯ ಹಾಡುಗಾರಿಕೆ). ಫ್ರೆಂಚ್ ಉಚ್ಚಾರ ತಿದ್ದುವವರಿದ್ದರೆ ದಯವಿಟ್ಟು ತಿಳಿಸಿ.