ಮಳೆಗಾಲದಲ್ಲಿ ಶುಗರ್ ಸ್ಟ್ರಿಪ್ ಹಾಳಾಗುತ್ತಾ? ಗೊತ್ತಿದ್ದವರು ಹೇಳಿ

ನಾಪೋಕ್ಲು ಕಡೆಯವಳು ನಾನು. ಅಮ್ಮನಿಗೆ ಶುಗರ್ ಇದೆ, ಮನೆಯಲ್ಲೇ ಬೆರಳು ಚುಚ್ಚಿ ನೋಡುತ್ತೇವೆ. ಮಳೆ ಹಿಡಿದ ಮೇಲೆ ರೀಡಿಂಗ್ ನಂಬುವ ಹಾಗೇ ಇಲ್ಲ. ಮೊನ್ನೆ ಒಂದು ಬೆರಳಲ್ಲಿ 224, ತಕ್ಷಣ ಇನ್ನೊಂದರಲ್ಲಿ 151. ಮಿಷನ್ ಬದಲಾಯಿಸಬೇಕಾ?

ಮಡಿಕೇರಿಯಿಂದ, ಲ್ಯಾಬ್ ಕೆಲಸದವನು:
ಮಿಷನ್ ಹಾಗಿರಲಿ ಅಕ್ಕ, ಮೊದಲು ಸ್ಟ್ರಿಪ್ ಡಬ್ಬಿ ನೋಡಿ. ಎಷ್ಟೋ ಕಂಪನಿಯ ಸ್ಟ್ರಿಪ್‌ಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವವನ್ನು ಒಣಗಿಸಿ ಕೂರಿಸಿರುತ್ತಾರೆ. ರಕ್ತದ ಗ್ಲೂಕೋಸ್ ಜೊತೆ ಅದು ಕೆಲಸ ಮಾಡಿದಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಮಿಷನ್ ಅಳೆಯುವುದು ಅದನ್ನೇ. ತೇವ ಹಿಡಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಜುಲೈ ಮಳೆಯಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಸ್ಟ್ರಿಪ್ ಕೇಳಬೇಕಾ! ಒಂದು ತೆಗೆದ ಕೂಡಲೇ ಮುಚ್ಚಳ ಟಕ್ ಅನ್ನುವ ಹಾಗೆ ಒತ್ತಿ. ಬೇರೆ ಡಬ್ಬಿಗೆ ಹಾಕಬೇಡಿ, ತೇವ ಹೀರುವ ವ್ಯವಸ್ಥೆ ಇರುವುದು ಅದೇ ಡಬ್ಬಿಯಲ್ಲಿ. ಫ್ರಿಜ್ ಬೇಡ. ಬೆಚ್ಚಗಿರಲಿ ಅಂತ ಒಲೆ ಪಕ್ಕ ಇಡುವುದೂ ಬೇಡ.

ವಿರಾಜಪೇಟೆಯಿಂದ:
ಕೈ ತೊಳೆದಿದ್ರಾ? ನಮ್ಮಪ್ಪ ಜೇನು ಬಾಟಲಿಗೆ ತುಂಬಿಸಿದ ಕೈಯಲ್ಲೇ ಚುಚ್ಚಿಸಿಕೊಂಡರು, 300 ದಾಟಿತು! ಮನೆಯೆಲ್ಲ ಗಾಬರಿ. ಸೋಪಲ್ಲಿ ತೊಳೆದು, ಚೆನ್ನಾಗಿ ಒರೆಸಿ ನೋಡಿದರೆ 140ರ ಆಸುಪಾಸು. ಸ್ಪಿರಿಟ್ ಹತ್ತಿಯಲ್ಲಿ ಸುಮ್ನೆ ಒರೆಸಿದರೆ ಅಂಟು ಪೂರ್ತಿ ಹೋಗಲ್ಲ. ಹಣ್ಣು ಹೆಚ್ಚಿದ ಕೈಗೂ ಇದೇ ಕಥೆ.

ಭಾಗಮಂಡಲದಿಂದ, ಜೇನು ಸಾಕುವವನು:
ಇದೇ ಕಿಣ್ವ ಜೇನಿನಲ್ಲೂ ಇದೆ ಗೊತ್ತಾ? ಹುಳದ ತಲೆಯಲ್ಲಿರುವ ಗ್ರಂಥಿಯಿಂದ ಬರುತ್ತದೆ. ಗ್ಲೂಕೋಸಿನಿಂದ ಗ್ಲೂಕೋನಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಎರಿಯಲ್ಲಿ ನೀರು ಜಾಸ್ತಿ ಇರುವ ಹಸಿ ಜೇನು ಹುಳಿಯದಿರುವುದಕ್ಕೆ ಇದೂ ಒಂದು ಕಾರಣ. ಜೇನು ಗಟ್ಟಿಯಾದ ಮೇಲೆ ಕಿಣ್ವದ ಕೆಲಸ ಹೆಚ್ಚುಕಡಿಮೆ ನಿಲ್ಲುತ್ತದೆ, ನೀರು ಬೆರೆತರೆ ಮತ್ತೆ ಶುರು. ಜೋರಾಗಿ ಕಾಯಿಸಿದರೆ ಮಾತ್ರ ಸತ್ತೇಹೋಗುತ್ತದೆ. ಹಾಗಂತ ಜೇನು ಶುಗರ್ ಇಳಿಸುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೇ ಮಾರುವವನು, ಆದರೂ ಹೇಳುತ್ತೇನೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಕ್ಕರೆಯೇ.

ಮಡಿಕೇರಿಯಿಂದ, ಮತ್ತೆ:
ಕೈ ವಿಷಯ ಸರಿಯಾಗಿ ಹೇಳಿದ್ರಿ. 100ರ ಮೇಲಿನ ರೀಡಿಂಗ್‌ನಲ್ಲಿ ಮಿಷನ್ನಿಗೆ ಶೇಕಡಾ 15ರವರೆಗೆ ಆಚೀಚೆ ಆಗಲು ಅವಕಾಶ ಇದೆ. ಅಕ್ಕ, ನಿಮ್ಮದು ಅದನ್ನೂ ಮೀರಿದೆ. ಕೈ ತೊಳೆದು, ಹೊಸ ಡಬ್ಬಿಯ ಸ್ಟ್ರಿಪ್‌ನಲ್ಲಿ ನೋಡಿ. ಆಗಲೂ ಹೀಗೇ ಬಂದರೆ ಲ್ಯಾಬ್‌ಗೆ ಬಂದು ನರದ ರಕ್ತ ಕೊಡಿ, ಅದೇ ಹೊತ್ತಿಗೆ ಮಿಷನ್ನಲ್ಲೂ ನೋಡಿ ಹೋಲಿಸಿ. ಅಲ್ಲಿಯವರೆಗೆ ಈ ನಂಬರ್ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ, ಡಾಕ್ಟರನ್ನು ಕೇಳಿ.