ಸ್ಟರ್ನ್‌ಡ್ರೈವ್‌ನಿಂದ ಗರಗರ ಸದ್ದು, ಆಯಿಲ್ ಬದಲಿಸಿದರೂ ಹೋಗಿಲ್ಲ, ತಲೆ ಕೆಟ್ಟಿದೆ

ಅನಗವಾಡಿ_ಅಲೆ:
ಎಲ್ಲರಿಗೂ ನಮಸ್ಕಾರ ರೀ. ಮೂರು ವಾರದಿಂದ ಬೋಟಿನ ಹಿಂಭಾಗದ ಸ್ಟರ್ನ್‌ಡ್ರೈವ್‌ನಲ್ಲಿ, ಅಂದರೆ ಒಳಗಿನ ಎಂಜಿನ್‌ನಿಂದ ಹೊರಗಿನ ಪ್ರೊಪೆಲ್ಲರ್ ತಿರುಗಿಸುವ ಭಾಗದಲ್ಲಿ, ಒಂದು ಸದ್ದು. ಗರಗರ ಅಂತ, ಬೀಸುಕಲ್ಲಿಗೆ ಹರಳು ಸಿಕ್ಕ ಹಾಗೆ. ಮೊದಲು ಸಣ್ಣಗಿತ್ತು, ಈಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಗೇರ್ ಆಯಿಲ್ ಬದಲಿಸಿದೆ, ಹೋಗಲಿಲ್ಲ. ಪ್ರೊಪೆಲ್ಲರ್ ಬಿಚ್ಚಿ ಬಲೆ, ದಾರ ಏನಾದರೂ ಸುತ್ತಿದೆಯಾ ನೋಡಿದೆ, ಏನೂ ಇಲ್ಲ. ಊರಿನ ಟ್ರ್ಯಾಕ್ಟರ್ ಮಿಸ್ತ್ರಿಯನ್ನು ಕರೆಸಿದೆ, ಅವನು ಎಂಜಿನ್ ಮುಚ್ಚಳ ಎತ್ತಿ ಕಿವಿ ಕೊಟ್ಟು, "ಎಂಜಿನ್ ಚಲೋ ಅದ, ಹಿಂದಿಂದು ನನಗ ತಿಳಿಯೂದಿಲ್ಲ" ಅಂದು ಚಹಾ ಕುಡಿದು ಹೋದ. ಮುಂದಿನ ರವಿವಾರ ಅಕ್ಕನ ಮಕ್ಕಳು ಬರುತ್ತಾರೆ, ಬೋಟಿನಲ್ಲಿ ಸುತ್ತಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಏನಿರಬಹುದು? ಬೇಗ ಹೇಳಿ.

ಹಿಡಕಲ್_ಹುಡುಗ:
ಯಾವ ಎಂಜಿನ್, ಯಾವ ಡ್ರೈವ್, ಎಷ್ಟು ಹಳೆಯದು, ಯಾವ ವೇಗದಲ್ಲಿ ಸದ್ದು? ಒಂದೂ ಹೇಳಿಲ್ಲವಲ್ಲ ಅಣ್ಣಾ.

ಅನಗವಾಡಿ_ಅಲೆ:
ಎಲ್ಲಾ ವೇಗದಲ್ಲೂ ಬರುತ್ತದೆ. 3.0 ಲೀಟರ್, ನಾಲ್ಕು ಸಿಲಿಂಡರ್, ಪೆಟ್ರೋಲ್, ಡ್ರೈವ್ ಆಲ್ಫಾ ಒನ್. ಗೋವಾದಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಕೋಲ್ಹಾರ_ಕಾಕಾ:
ತಮ್ಮಾ, ನೀನು ಬೋಟ್ ಬಿಡುವುದು ಅನಗವಾಡಿ ಸೇತುವೆ ಕಡೆ ಅಲ್ವಾ? ಈಗ ಬೇಸಿಗೆ, ನೀರು ಇಳಿದಿದೆ. ಆಲಮಟ್ಟಿ ಅಣೆಕಟ್ಟು 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ತಳದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಇಳಿದಾಗ ಗೊತ್ತಾಗುತ್ತದೆ. ಮುಳುಗಿದ ಮನೆಗಳ ಗೋಡೆ, ಬುನಾದಿ, ಜಾಲಿ ಮರದ ಬೊಡ್ಡೆ. ನಿನ್ನ ಪ್ರೊಪೆಲ್ಲರ್ ಎಲ್ಲೋ ತಾಗಿದೆ. ಪ್ರೊಪೆಲ್ಲರ್ ಶಾಫ್ಟ್ ಬೆಂಡ್ ಆಗಿದೆ. ಬೇರೆ ಏನೂ ಅಲ್ಲ, ಬರೆದಿಟ್ಟುಕೋ. ನನ್ನ ದೋಣಿಗೂ ಹೀಗೇ ಆಗಿತ್ತು.

ಅನಗವಾಡಿ_ಅಲೆ:
ಎಲ್ಲೂ ತಾಗಿಸಿಲ್ಲ ಕಾಕಾ. ತಾಗಿದ್ದರೆ ಗೊತ್ತಾಗುತ್ತಿರಲಿಲ್ವಾ?

ಕೋಲ್ಹಾರ_ಕಾಕಾ:
ಗೊತ್ತಾಗುವುದಿಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ. ಕೀಲಿ ತೆಗೆದು, ಪ್ರೊಪೆಲ್ಲರ್ ಬಿಚ್ಚಿ, ಒಂದು ತಂತಿಯ ತುದಿಯನ್ನು ಶಾಫ್ಟಿಗೆ ಕೂದಲೆಳೆ ದೂರದಲ್ಲಿ ನಿಲ್ಲಿಸಿ ಕೈಯಲ್ಲಿ ತಿರುಗಿಸು. ಅಂತರ ಹೆಚ್ಚು ಕಡಿಮೆಯಾದರೆ ಬೆಂಡ್.

ಅನಗವಾಡಿ_ಅಲೆ:
ಮಾಡಿದೆ. ಅಂತರ ಒಂದೇ ಇದೆ. ಅಲುಗಾಡುವುದಿಲ್ಲ.

ಕೋಲ್ಹಾರ_ಕಾಕಾ:
ತಂತಿ ಸರಿಯಾಗಿ ಹಿಡಿದಿಲ್ಲ ನೀನು. ಕೂದಲೆಳೆ ವ್ಯತ್ಯಾಸವನ್ನೂ ಅಳೆಯುವ ಡಯಲ್ ಗೇಜ್ ಹಾಕಿ ನೋಡು.

ಉದ್ಯಮಬಾಗ_ಲೇತ್:
ಬೆಳಗಾವಿಗೆ ತಂದರೆ ಡಯಲ್ ಗೇಜ್ ನಾನೇ ಹಾಕಿ ಕೊಡುತ್ತೇನೆ. ಆದರೆ ಮೊದಲು ಒಂದು ಮಾತು. ಗೇರ್ ಆಯಿಲ್ ಬದಲಿಸಿದೆ ಅಂದರಲ್ಲ, ಹಳೆಯ ಆಯಿಲ್ ಹೇಗಿತ್ತು? ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ ಅಂತ ಅರ್ಥ. ಬಿಸಿಲಿಗೆ ಹಿಡಿದಾಗ ಮಿಣಮಿಣ ಅಂದರೆ ಗೇರಿನ ಹಲ್ಲು ಸವೆದಿದೆ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಮೆತ್ತನೆಯ ಕಪ್ಪು ಪುಡಿ ಸ್ವಲ್ಪ ಅಂಟುವುದು ಸಹಜ, ಚೂರು ಸಿಕ್ಕರೆ ಮಾತ್ರ ಹೆದರಬೇಕು. ಇನ್ನೊಂದು, ಆಯಿಲ್ ಕೆಳಗಿನ ತೂತಿನಿಂದ ಪಂಪ್ ಮಾಡಿ ಮೇಲಿನ ತೂತಿನಲ್ಲಿ ಹೊರಬರುವ ತನಕ ತುಂಬಿಸಿದ್ರಾ, ಇಲ್ಲ ಮೇಲಿನಿಂದ ಸುರಿದ್ರಾ? ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೂ ತುಂಬುವುದಿಲ್ಲ.

ಅನಗವಾಡಿ_ಅಲೆ:
ಕೆಳಗಿನಿಂದಲೇ ತುಂಬಿಸಿದ್ದು. ಹಳೆಯ ಆಯಿಲ್ ಚೊಕ್ಕ ಇತ್ತು. ಮ್ಯಾಗ್ನೆಟ್‌ನಲ್ಲಿ ಚೂರು ಇರಲಿಲ್ಲ.

ಹಿಡಕಲ್_ಹುಡುಗ:
ಅದಕ್ಕೇ ನಾನು ಹೇಳುವುದು, ನಮ್ಮಂಥ ಊರಿಗೆ ಸ್ಟರ್ನ್‌ಡ್ರೈವ್ ಬೇಡ. ಬೋಟಿನ ಹಿಂದೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಹಾಕಿ. ನನ್ನದು 40 ಎಚ್‌ಪಿ, ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಎಂಜಿನ್ ಗೂಡ್ಸ್ ಟೆಂಪೋದಲ್ಲಿ ಹಾಕಿಕೊಂಡು ಹೋಗಬಹುದು. ಜೊತೆಗೆ ಎಕೋ ಸೌಂಡರ್ ಕೂಡಿಸಿದ್ದೇನೆ, ಹಿಡಕಲ್ ಜಲಾಶಯದಲ್ಲಿ ಎಷ್ಟು ಆಳ, ಮೀನು ಎಲ್ಲಿ ಗುಂಪುಗೂಡಿದೆ ಎಲ್ಲಾ ಪರದೆಯ ಮೇಲೆ. ಬ್ಯಾಟರಿ ಎರಡು, ಬದಲಿಸುವ ಸ್ವಿಚ್ ಒಂದು. ಫೋಟೋ ಹಾಕಲಾ?

ಕೋಲ್ಹಾರ_ಕಾಕಾ:
ಪರದೆ ನೋಡಿ ಮೀನು ಹಿಡಿಯುವವನು ಮೀನುಗಾರನಾ? ಆಲಮಟ್ಟಿ ಹಿನ್ನೀರಿಗೆ ಬಾ ತೋರಿಸುತ್ತೇನೆ. ಆಲಮಟ್ಟಿ ನಮ್ಮ ವಿಜಯಪುರ ಜಿಲ್ಲೆಯದು.

ಅನಗವಾಡಿ_ಅಲೆ:
ಊರು ನಿಮ್ಮ ನಿಡಗುಂದಿ ತಾಲೂಕಿನದು, ಒಪ್ಪಿದೆ. ಆದರೆ ನೀರು ಬಂದು ನಿಂತಿದ್ದು ನಮ್ಮ ಬಾಗಲಕೋಟೆಯ ಮನೆಗಳಲ್ಲಿ. ನವನಗರಕ್ಕೆ ಗಂಟುಮೂಟೆ ಕಟ್ಟಿದವರು ನಾವು. ಅದಿರಲಿ, ನನ್ನ ಸದ್ದಿನ ಕಥೆ ಹೇಳ್ರೀ ಯಾರಾದರೂ. ನಿನ್ನೆ ಸಂಜೆ ಅಂಗಳದಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿದೆ, ಆಗಲೂ ಅದೇ ಗರಗರ. ಹೆಂಡತಿ ಒಳಗಿನಿಂದ ಬಂದು ಹಿಟ್ಟಿನ ಗಿರಣಿ ಯಾವಾಗ ಇಟ್ಟಿರಿ ಅಂದಳು.

ಉದ್ಯಮಬಾಗ_ಲೇತ್:
ಅಂಗಳದಲ್ಲಾ? ನೀರಿಲ್ಲದೆ?

ಅನಗವಾಡಿ_ಅಲೆ:
ಎರಡೇ ನಿಮಿಷ.

ಉದ್ಯಮಬಾಗ_ಲೇತ್:
ಎರಡು ನಿಮಿಷ ಬೇಕಾದಷ್ಟಾಯಿತು. ಆಲ್ಫಾದಲ್ಲಿ ನೀರೆಳೆಯುವ ಪಂಪ್ ಡ್ರೈವಿನ ಒಳಗೇ ಇದೆ, ಅದರೊಳಗಿನ ರಬ್ಬರ್ ರೆಕ್ಕೆಯ ಚಕ್ರ, ಅಂದರೆ ಇಂಪೆಲ್ಲರ್‌ಗೆ ನೀರೇ ಎಣ್ಣೆ ಇದ್ದ ಹಾಗೆ. ಒಣಗಿ ತಿರುಗಿದರೆ ಕೆಲವೇ ಸೆಕೆಂಡಿನಲ್ಲಿ ಸುಡಲು ಶುರು. ಆಮೇಲೆ ಎಂಜಿನ್ ಕಾಯ್ದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ನಲ್ಲಿ ಪೈಪ್ ಹಾಕುವ ಮಫ್ ಇಲ್ವಾ ನಿಮ್ಮ ಹತ್ತಿರ?

ಹಿಡಕಲ್_ಹುಡುಗ:
ಔಟ್‌ಬೋರ್ಡ್ ಆದರೆ ಡ್ರಮ್ಮಿನಲ್ಲಿ ನೀರು ತುಂಬಿ ಇಳಿಸಿದರೆ ಆಯಿತು.

ಕೋಲ್ಹಾರ_ಕಾಕಾ:
ನಾನು ಗದ್ದೆಯ ಪಂಪಿನಿಂದ ನೀರು ಬಿಡುತ್ತೇನೆ. ಮಫ್ ಗಿಫ್ ಏನೂ ಬೇಡ.

ಕಾರವಾರದಿಂದ_ವಿಜಯಪುರಕ್ಕೆ:
ಜಗಳ ನಿಲ್ಲಿಸಿ ಸ್ವಲ್ಪ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಅಂಗಳದಲ್ಲಿ ಸ್ಟಾರ್ಟ್ ಮಾಡಿದಾಗ ಗೇರ್ ನ್ಯೂಟ್ರಲ್‌ನಲ್ಲಿತ್ತಾ?

ಅನಗವಾಡಿ_ಅಲೆ:
ಹೌದು, ನ್ಯೂಟ್ರಲ್ ಅಲ್ಲದೆ ಸ್ಟಾರ್ಟೇ ಆಗುವುದಿಲ್ಲವಲ್ಲ. ಪ್ರೊಪೆಲ್ಲರ್ ನಿಂತೇ ಇತ್ತು.

ಕಾರವಾರದಿಂದ_ವಿಜಯಪುರಕ್ಕೆ:
ಇದನ್ನು ಮೊದಲ ದಿನವೇ ಹೇಳಿದ್ದರೆ ಎಲ್ಲರಿಗೂ ಕೆಲಸ ಕಡಿಮೆಯಾಗುತ್ತಿತ್ತು. ಆಲ್ಫಾ ಒನ್‌ನಲ್ಲಿ ಗೇರ್ ಬದಲಾಗುವುದು ಕೆಳಗಿನ ಪೆಟ್ಟಿಗೆಯಲ್ಲಿ. ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್‌ಗೆ ಶಕ್ತಿ ಹೋಗುವುದಿಲ್ಲ, ಆದರೆ ಎಂಜಿನ್‌ನಿಂದ ಬರುವ ಶಾಫ್ಟ್, ಅದು ಬಾಗಲು ಇರುವ ಕೀಲುಗಳಾದ ಕ್ರಾಸ್‌ಗಳು, ಅದನ್ನು ಹಿಡಿದಿರುವ ಗಿಂಬಲ್ ಬೇರಿಂಗ್, ಕೆಳಗೆ ಇಳಿಯುವ ಡ್ರೈವ್ ಶಾಫ್ಟ್ ಎಲ್ಲಾ ತಿರುಗುತ್ತಲೇ ಇರುತ್ತವೆ. ನಿಂತ ಶಾಫ್ಟ್ ಬೆಂಡ್ ಆಗಿದ್ದರೂ ಗರಗರ ಅನ್ನುವುದಿಲ್ಲ ಕಾಕಾ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಎರಡು ಪ್ರಶ್ನೆ. ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬದಲಾಗುತ್ತದಾ? ಬೋಟನ್ನು ಅಂಗಳದಲ್ಲಿ ಇಡುವಾಗ ಡ್ರೈವ್ ಕೆಳಗಿರುತ್ತದಾ ಮೇಲಿರುತ್ತದಾ?

ಅನಗವಾಡಿ_ಅಲೆ:
ತಿರುವಿನಲ್ಲಿ ಜಾಸ್ತಿ ಆಗುತ್ತದೆ, ಅದು ಸಹಜ ಅಂದುಕೊಂಡಿದ್ದೆ. ಡ್ರೈವ್ ಯಾವಾಗಲೂ ಪೂರ್ತಿ ಮೇಲೆತ್ತಿ ಇಡುತ್ತೇನೆ, ನೆಲಕ್ಕೆ ತಾಗಬಾರದು ಅಂತ. ಹೋದ ವರ್ಷ ಬೇಸಿಗೆ ಪೂರ್ತಿ ಹಾಗೇ ನಿಂತಿತ್ತು, ಮನೆ ಕಟ್ಟಿಸುತ್ತಿದ್ದೆ.

ಕಾರವಾರದಿಂದ_ವಿಜಯಪುರಕ್ಕೆ:
ಅಲ್ಲಿಗೆ ಬಂತು. ಡ್ರೈವಿಗೂ ಬೋಟಿಗೂ ನಡುವೆ ಅಕಾರ್ಡಿಯನ್ ಪೆಟ್ಟಿಗೆಯ ತಿದಿಯಂತೆ ಮಡಿಕೆ ಮಡಿಕೆಯ ರಬ್ಬರ್ ಬೆಲ್ಲೋಸ್ ಇದೆ. ಡ್ರೈವ್ ಮೇಲೆತ್ತಿ ತಿಂಗಳುಗಟ್ಟಲೆ ಇಟ್ಟರೆ ಒಂದು ಬದಿ ಮಡಚಿ, ಇನ್ನೊಂದು ಬದಿ ಎಳೆದೇ ಇರುತ್ತದೆ. ಬಾಗಲಕೋಟೆಯ ಬಿಸಿಲಿಗೆ ಆ ಮಡಿಕೆಯಲ್ಲೇ ಸೀಳುತ್ತದೆ. ಸೀಳಿದರೆ ನೀರು ಒಳಗೆ, ಒಳಗಿರುವ ಗಿಂಬಲ್ ಬೇರಿಂಗ್‌ಗೆ ತುಕ್ಕು. ಬೇರಿಂಗ್ ಹೋದರೆ ಗರಗರ, ತಿರುವಿನಲ್ಲಿ ಹೆಚ್ಚು. ಕ್ರಾಸ್ ಹೋದರೆ ಟಕ್ ಟಕ್. ನಿಮ್ಮದು ಮೊದಲನೆಯದು ಅನ್ನಿಸುತ್ತದೆ.

ಖಚಿತ ಮಾಡಿಕೊಳ್ಳಲು ಮಫ್ ಹಾಕಿ, ನಲ್ಲಿ ಪೂರ್ತಿ ಬಿಡಿ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಜಾಗದ ಗಾಳಿ ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಿಸಿ. ಪೆಟ್ರೋಲ್ ಆವಿ ತಳದಲ್ಲಿ ಕೂತಿರುತ್ತದೆ, ಇದರಲ್ಲಿ ಮಾತ್ರ ಉಡಾಫೆ ಬೇಡ. ಡ್ರೈವ್ ಕೆಳಗಿಳಿಸಿ ಐಡಲ್‌ನಲ್ಲಿ ಬಿಟ್ಟು, ಒಬ್ಬರು ಸ್ಟೀರಿಂಗನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಲಿ. ನೀವು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಒತ್ತಿ, ತುದಿಯನ್ನು ಒಳಗಡೆ ಬೋಟಿನ ಹಿಂಗೋಡೆಯ ಟ್ರಾನ್ಸಮ್ ಪ್ಲೇಟಿಗೆ ಇಟ್ಟು ಕೇಳಿ. ಬೆಲ್ಟು, ಪುಲ್ಲಿಗಳಿಂದ ಅಂಗಿ ತೋಳು ದೂರ ಇರಲಿ. ಡ್ರೈವ್ ಮೇಲೆತ್ತಿ ಮಾತ್ರ ಎಂಜಿನ್ ಓಡಿಸಬೇಡಿ, ಕ್ರಾಸ್ ಅಲ್ಲೇ ಹೋಗುತ್ತದೆ. ಮತ್ತೆ, ಇದು ಗೊತ್ತಾಗುವ ತನಕ ಬೋಟನ್ನು ನೀರಿನಲ್ಲಿ ಕಟ್ಟಿ ಬಿಡಬೇಡಿ. ಆ ಬೆಲ್ಲೋಸ್ ಪೂರ್ತಿ ಹರಿದರೆ ನೀರು ಬೇರಿಂಗ್ ದಾಟಿ ಬೋಟಿನ ಒಳಗೇ ಬರುತ್ತದೆ. ಅಕ್ಕನ ಮಕ್ಕಳಿಗೆ ಈ ಸಲ ಕೂಡಲಸಂಗಮ ಕಾರಿನಲ್ಲೇ ತೋರಿಸಿ.

ಉದ್ಯಮಬಾಗ_ಲೇತ್:
ಅದಕ್ಕಿಂತ ಮೊದಲು ಬಲಗಡೆ ಗ್ರೀಸ್ ನಿಪ್ಪಲ್ ಇರುತ್ತದೆ, ಅದಕ್ಕೆ ಗನ್ನಿನಿಂದ ಹತ್ತು ಸಲ ಗ್ರೀಸ್ ಹೊಡೆದು ನೋಡಿ. ಎಷ್ಟೋ ಸಲ ಸದ್ದು ಅಲ್ಲೇ ನಿಲ್ಲುತ್ತದೆ.

ಕಾರವಾರದಿಂದ_ವಿಜಯಪುರಕ್ಕೆ:
ನಿಲ್ಲುವುದಿಲ್ಲ, ಅಡಗುತ್ತದೆ. ಮುಂದಿನ ತಿಂಗಳು ಮತ್ತೆ ಬರುತ್ತದೆ. ಈಗ ಸೀಲ್ ಆಗಿಯೇ ಬರುವ ಬೇರಿಂಗ್‌ಗಳೂ ಇವೆ, ಅವಕ್ಕೆ ಗ್ರೀಸ್ ಹೊಡೆದರೆ ಹೋಗುವುದೇ ಇಲ್ಲ.

ಉದ್ಯಮಬಾಗ_ಲೇತ್:
ಬೇರಿಂಗ್ ಅಂದರೆ ಗ್ರೀಸ್ ಬೇಕೇ ಬೇಕು. ಇಪ್ಪತ್ತೆರಡು ವರ್ಷ ಲೇತ್ ಮೇಲೆ ನಿಂತಿದ್ದೇನೆ ರೀ.

ಕಾರವಾರದಿಂದ_ವಿಜಯಪುರಕ್ಕೆ:
ಲೇತ್ ನೀರಿನಲ್ಲಿ ಮುಳುಗುವುದಿಲ್ಲ.

ಅನಗವಾಡಿ_ಅಲೆ:
ಸದ್ದು ಸ್ಕ್ರೂಡ್ರೈವರ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿತು ಅಣ್ಣಾ, ಕಿವಿಯೊಳಗೇ ಜೋಳ ಹುರಿದ ಹಾಗೆ. ಇಂದು ನಾನು, ತಮ್ಮ, ಪಕ್ಕದ ಮನೆಯ ಹುಡುಗ ಸೇರಿ ಡ್ರೈವ್ ಬಿಚ್ಚಿ ಇಳಿಸಿದೆವು. ನೀವು ಫೋನಿನಲ್ಲಿ ಹೇಳಿದಂತೆ ಮೊದಲು ಫಾರ್ವರ್ಡ್ ಗೇರಿಗೆ ಹಾಕಿ, ಡ್ರೈವ್ ಎತ್ತಿ ಇಳಿಸುವ ಟ್ರಿಮ್ ಸಿಲಿಂಡರ್ ಕಳಚಿ, ಆರು ನಟ್ ಬಿಚ್ಚಿದೆವು. ಇಷ್ಟು ಭಾರ ಇರುತ್ತದೆ ಅಂತ ಯಾರೂ ಹೇಳಲಿಲ್ಲ, ತಮ್ಮನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಬೆಲ್ಲೋಸ್ ಕೆಳಗಿನ ಮಡಿಕೆಯಲ್ಲಿ ಎರಡು ಬೆರಳು ಅಗಲ ಸೀಳಿದೆ. ಒಳಗಿನಿಂದ ಕೆಂಪು ನೀರು ಸುರಿಯಿತು. ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿದರೆ ಮರಳು ತಿರುಗಿದಂತೆ. ಕ್ರಾಸ್‌ಗಳಲ್ಲಿ ಒಂದು ಸಲೀಸಾಗಿ ಆಡುತ್ತದೆ, ಇನ್ನೊಂದು ನಡುವೆ ಒಂದು ಕಡೆ ಹಿಡಿಯುತ್ತದೆ.

ಕಾರವಾರದಿಂದ_ವಿಜಯಪುರಕ್ಕೆ:
ಹಿಡಿಯುವ ಕ್ರಾಸನ್ನೂ ಬದಲಿಸಿ. ಬೆಲ್ಲೋಸ್ ಹೊಸದು, ಬೇರಿಂಗ್ ಹೊಸದು. ಬೇರಿಂಗ್ ಹೊರಗಿನ ಉಂಗುರದ ಗ್ರೀಸ್ ತೂತು ನಿಪ್ಪಲಿನ ದಾರಿಗೆ ಸರಿಯಾಗಿ ಕೂರಬೇಕು. ಆಮೇಲೆ ಎಂಜಿನ್, ಬೇರಿಂಗ್ ಒಂದೇ ಸಾಲಿನಲ್ಲಿವೆಯಾ ಅಂತ ಅಲೈನ್‌ಮೆಂಟ್ ಬಾರ್ ಹಾಕಿ ನೋಡಲೇಬೇಕು. ಎರಡು ಬೆರಳಿನಿಂದ ತಳ್ಳಿದರೆ ಅದು ಎಂಜಿನ್ ಕಪ್ಲರಿನೊಳಗೆ ಹೋಗಬೇಕು. ಹೋಗದಿದ್ದರೆ ಎಂಜಿನ್ನಿನ ಮುಂದಿನ ಮೌಂಟ್ ಎತ್ತಿ ಇಳಿಸಿ ಸರಿ ಮಾಡಿ. ಇದನ್ನು ಬಿಟ್ಟರೆ ಹೊಸ ಬೇರಿಂಗೂ ಹೋಗುತ್ತದೆ, ಕಪ್ಲರ್ ಹಲ್ಲೂ ಹೋಗುತ್ತದೆ.

ಉದ್ಯಮಬಾಗ_ಲೇತ್:
ಬಾರ್ ನಾನು ತಿರುವಿ ಕೊಡುತ್ತೇನೆ. ಹಳೆಯ ಶಾಫ್ಟ್ ತನ್ನಿ, ಮೈಕ್ರೋಮೀಟರ್ ಹಿಡಿದೇ ಮಾಡುತ್ತೇನೆ. ದುಡ್ಡು ಬೇಡ, ಕಾಕಾ ಕೋಲ್ಹಾರದ ಮೊಸರು ಕಳಿಸಲಿ.

ಕೋಲ್ಹಾರ_ಕಾಕಾ:
ಮೊಸರು ಕಳಿಸುತ್ತೇನೆ. ಡಯಲ್ ಗೇಜೂ ಹಾಕಿ.

ಅನಗವಾಡಿ_ಅಲೆ:
ಹದಿನೇಳು ದಿನ ಆಯಿತು. ಬೇರಿಂಗ್, ಬೆಲ್ಲೋಸ್ ಗೋವಾದಿಂದ ಬಂತು, ಕ್ರಾಸ್ ಇನ್ನೂ ಬಂದಿಲ್ಲ, ತಡೆಯಲಾಗದೆ ಹಳೆಯದನ್ನೇ ಹಾಕಿ ಜೋಡಿಸಿದೆ, ಬಯ್ಯಬೇಡಿ. ಬಾರ್ ಮೊದಲ ಸಲ ಹೋಗಲಿಲ್ಲ, ಮೌಂಟ್ ಒಂದೂವರೆ ಸುತ್ತು ಎತ್ತಿದ ಮೇಲೆ ಜಾರಿಕೊಂಡು ಹೋಯಿತು. ಇಂಪೆಲ್ಲರ್ ತೆಗೆದು ನೋಡಿದೆ, ಎರಡು ರೆಕ್ಕೆ ಸುಟ್ಟಿದ್ದವು, ಅದನ್ನೂ ಬದಲಿಸಿದೆ. ಬೆಳಿಗ್ಗೆ ನೀರಿಗಿಳಿಸಿದೆ. ಗರಗರ ಪೂರ್ತಿ ಹೋಗಿದೆ. ಸ್ಟೀರಿಂಗ್ ಪೂರ್ತಿ ಬಲಕ್ಕೆ ಎಳೆದಾಗ ಮಾತ್ರ ಸಣ್ಣದೊಂದು ಟಕ್ ಟಕ್ ಇದೆ.

ಕೋಲ್ಹಾರ_ಕಾಕಾ:
ಅದೇ ನಾನು ಹೇಳಿದ್ದು. ಪ್ರೊಪೆಲ್ಲರ್ ಶಾಫ್ಟ್.

ಅನಗವಾಡಿ_ಅಲೆ:
ಕಾಕಾ, ನ್ಯೂಟ್ರಲ್‌ನಲ್ಲೂ ಬರುತ್ತದೆ.