ಮುತ್ತಜ್ಜನ ಊರು ಹೊನ್ನಾವರವೋ ಬ್ರಹ್ಮಾವರವೋ?

ಪ್ರಶ್ನೆ, ಡೊಂಬಿವಲಿಯಿಂದ

ನಮ್ಮ ಮುತ್ತಜ್ಜ 1900ರ ಆಸುಪಾಸಿನಲ್ಲಿ ಆಗಬೋಟು ಹತ್ತಿ ಮುಂಬಯಿಗೆ ಬಂದರೆಂಬುದು ಮನೆಯಲ್ಲಿ ಎಲ್ಲರೂ ಹೇಳುವ ಮಾತು. ಎಲ್ಲಿಂದ ಬಂದರೆಂದು ಕೇಳಿದರೆ ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಊರು. ಗಿರಗಾಂವದ ಖಾನಾವಳಿಯೊಂದರಲ್ಲಿ ದುಡಿದು, 1931ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಮರಣ ದಾಖಲೆಯ ನಕಲು ಕೈಸೇರಿದೆಯಾದರೂ ಅದರಲ್ಲಿ ಮೂಲಸ್ಥಳವೆಂದು ಬರೆದಿರುವುದು ‘ಕಾನರಾ’ ಎಂಬ ಒಂದೇ ಶಬ್ದ. ಅಜ್ಜನನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರನ್ನೇ ಅಡ್ಡಹೆಸರಾಗಿ ಬರೆಸಿದ್ದರಿಂದ ಮನೆತನದ ಹೆಸರಾಗಲಿ, ಬಳಿಯ (ಕುಲದ) ಹೆಸರಾಗಲಿ ನಮ್ಮವರೆಗೆ ಬಂದಿಲ್ಲ.

ಕಳೆದ ತಿಂಗಳು ಸೋದರತ್ತೆಯ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ, 1911 ಮತ್ತು 1912ರ ಮೂರು ಮನಿಯಾರ್ಡರ್ ರಸೀದಿಗಳು ದೊರೆತವು. ಊರಿನಲ್ಲಿ ಹಣ ಸಂದಾಯವಾದ ಮೇಲೆ ಕಳಿಸಿದವರಿಗೆ ಮರಳಿ ಬರುತ್ತಿದ್ದ ಚೀಟಿಗಳು ಅವು. ಮೂರರಲ್ಲೂ ಒಬ್ಬ ಹೆಂಗಸಿನ ಹೆಬ್ಬೆಟ್ಟಿನ ಗುರುತಿದೆ. ಪಕ್ಕದಲ್ಲಿರುವ ಹೆಸರು ನಮ್ಮ ಮುತ್ತಜ್ಜಿಯದಲ್ಲ. ಎರಡರ ಅಂಚೆಮುದ್ರೆ ಪೂರ್ತಿ ಅಳಿಸಿದೆ. ಮೂರನೆಯದರಲ್ಲಿ ಊರಿನ ಇಂಗ್ಲಿಷ್ ಹೆಸರಿನ ಕೊನೆಯ ನಾಲ್ಕು ಅಕ್ಷರಗಳು, ಎ, ವಿ, ಎ, ಆರ್, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಹೊನ್ನಾವರವೂ ಹೊಂದುತ್ತದೆ, ಬ್ರಹ್ಮಾವರವೂ ಹೊಂದುತ್ತದೆ. ಮುಂದೆ ಯಾವ ದಾರಿ ಹಿಡಿಯಬೇಕೆಂದು ಬಲ್ಲವರು ತಿಳಿಸಬೇಕು.

ಉತ್ತರ, ಮಾಟುಂಗಾದಿಂದ

ತಮ್ಮ ಎರಡು ಊರುಗಳು ಆ ಕಾಲದಲ್ಲಿ ಎರಡು ಬೇರೆ ಆಡಳಿತಗಳಿಗೆ ಸೇರಿದ್ದವೆಂಬುದನ್ನು ಮೊದಲು ಗಮನಿಸಬೇಕು. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಒಡೆದ ಬಳಿಕ ಉತ್ತರದ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ದಕ್ಷಿಣದ ಭಾಗ ಮದರಾಸು ಪ್ರಾಂತದಲ್ಲೇ ಉಳಿದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೊನ್ನಾವರವಾದರೆ ಮೇಲಿನ ಹಂತದ ಸರಕಾರಿ ಕಾಗದಪತ್ರಗಳನ್ನು ಇಲ್ಲಿಯೇ ಕಾಲಾ ಘೋಡಾದ ಪತ್ರಾಗಾರದಲ್ಲಿ ಕೇಳಬಹುದು. ಬ್ರಹ್ಮಾವರವಾದರೆ ಅದೇ ಬಗೆಯ ಕಾಗದಗಳಿಗೆ ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ಇದನ್ನು ತಿಳಿಯದೆ ನಾನು ನನ್ನ ತಾತನ ಸಲುವಾಗಿ ಎರಡು ವರ್ಷ ತಪ್ಪು ಕಟ್ಟಡದಲ್ಲಿ ಕುಳಿತಿದ್ದೆ.

ಆಗಬೋಟಿನ ಕಥೆಯಿಂದ ಊರು ತಿಳಿಯುವುದಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ ಅದು ಮದರಾಸಿನ ಕಡೆಯದು. ಕರಾವಳಿಯಿಂದ ಮುಂಬಯಿಗೆ ನೇರ ರೈಲಾದದ್ದು 1998ರಲ್ಲಿ. ಅಲ್ಲಿಯವರೆಗಿನ ಹಳಬರಲ್ಲಿ ಬಹಳ ಮಂದಿ ಹತ್ತಿರದ ಬಂದರಿಗೆ ನಡೆದೋ ಗಾಡಿಯಲ್ಲೋ ಬಂದು ಹಡಗು ಹತ್ತಿದವರಾದ್ದರಿಂದ, ಮನೆಯವರು ನೆನಪಿಟ್ಟ ಹೆಸರು ಬಂದರಿನದ್ದಾಗಿರಬಹುದು. ಜೊತೆಗೆ ಈ ನಗರದಲ್ಲಿ ಕರಾವಳಿಯವರೆಲ್ಲರೂ ‘ಮಂಗಳೂರಿನವರು’ ಎನಿಸಿಕೊಳ್ಳುತ್ತಾರೆ, ಅದನ್ನೂ ನಂಬಬೇಡಿ. ಜನಗಣತಿಯ ಪಟ್ಟಿಗಳನ್ನು ಹುಡುಕುವಂತೆ ಯಾರಾದರೂ ಹೇಳಿದರೆ ಶ್ರಮ ಪಡಬೇಡಿ. ನಮ್ಮಲ್ಲಿ ಆ ಕಾಲದ ಮನೆವಾರು ಹಾಳೆಗಳನ್ನು ಉಳಿಸಲಿಲ್ಲ, ಒಟ್ಟು ಲೆಕ್ಕಗಳನ್ನಷ್ಟೇ ಮುದ್ರಿಸಿದರು.

ಉತ್ತರ, ಪುಣೆಯಿಂದ

ನಾನು ಹಳೆಯ ಅಂಚೆಮುದ್ರೆಗಳನ್ನು ಸಂಗ್ರಹಿಸುವವನು. ದುಂಡು ಮುದ್ರೆಯ ಮೇಲುಭಾಗದ ಕಮಾನಿನಲ್ಲಿ ಊರಿನ ಹೆಸರಿದ್ದರೆ ಅದನ್ನು ಸಾಮಾನ್ಯವಾಗಿ ನಡುವಿಗೆ ಸರಿಹೊಂದುವಂತೆ ಕೊರೆದಿರುತ್ತಾರೆ. ಹೊನ್ನಾವರದ ಇಂಗ್ಲಿಷ್ ಬರಹದಲ್ಲಿ ಏಳು ಅಕ್ಷರಗಳು, ಆದ್ದರಿಂದ ತಾವು ಹೇಳಿದ ಮೊದಲ ‘ಎ’ ನೆತ್ತಿಯ ನಟ್ಟನಡುವೆ ಕೂರುತ್ತದೆ. ಬ್ರಹ್ಮಾವರಕ್ಕೆ ಒಂಬತ್ತು ಅಕ್ಷರಗಳಿರುವುದರಿಂದ ನೆತ್ತಿಯಲ್ಲಿ ‘ಎಂ’ ಬಂದು, ನಾಲ್ಕೂ ಅಕ್ಷರಗಳು ಬಲಕ್ಕೆ ಸರಿದು ಕೆಳಗಿಳಿಯುತ್ತವೆ. ಮುದ್ರೆಯ ಮೇಲೆ ತೆಳು ಕಾಗದವಿಟ್ಟು ವೃತ್ತವನ್ನು ಪೂರ್ತಿ ಮಾಡಿ, ತಾರೀಖಿನ ಸಾಲಿಗೆ ಲಂಬವಾಗಿ ಗೆರೆ ಎಳೆದು ನೋಡಿ. ಹಾಗೆಯೇ ಹೆಬ್ಬೆಟ್ಟು ಒತ್ತಿದ ಕಡೆ ಸಾಕ್ಷಿಯ ರುಜು ಇರಬೇಕು. ಓದುಬರಹ ಬಾರದವರಿಗೆ ಹಣ ಕೊಡುವಾಗ ಒಬ್ಬರು ಸಾಕ್ಷಿ ಹಾಕುತ್ತಿದ್ದರು. ಮುದ್ರೆಗಿಂತ ಆ ರುಜುವೇ ಹೆಚ್ಚು ಹೇಳೀತು.

ಉತ್ತರ, ಮಡಗಾಂವದಿಂದ

ನಾನು ಮೂಲತಃ ಉಡುಪಿ ಕಡೆಯವನು, ಆದಕಾರಣ ಒಂದು ಮಾತನ್ನು ವಿಸ್ತರಿಸಿ ಹೇಳುತ್ತೇನೆ. ದಕ್ಷಿಣ ಕನ್ನಡದ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನದ, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ, ಕಟ್ಟಿತ್ತು. ತಮ್ಮ ಮನೆಯಲ್ಲಿ ‘ಬಳಿ’ ಎಂಬ ಮಾತು ಉಳಿದಿರುವುದರಿಂದ ತಮ್ಮದೂ ಅಂಥದ್ದೇ ಇರಬಹುದು. ಹಾಗಿದ್ದರೆ ಮುತ್ತಜ್ಜ ಸೇರಿದ್ದು ಅವರ ತಾಯಿಯ ಕುಟುಂಬಕ್ಕೆ, ಅವರ ಮಕ್ಕಳು ಸೇರಿದ್ದು ಮುತ್ತಜ್ಜಿಯ ಕುಟುಂಬಕ್ಕೆ. ತಮ್ಮವರು ಹೇಳುವ ಊರುಗಳು ಒಂದಕ್ಕೊಂದು ತಾಳೆಯಾಗದಿರಲು ಇದೂ ಕಾರಣವಾಗಿದ್ದೀತು, ಒಬ್ಬರು ನೆನೆಯುವುದು ಆಕೆಯ ತವರನ್ನು, ಇನ್ನೊಬ್ಬರು ಆತನ ಮನೆಯನ್ನು. ಹೆಬ್ಬೆಟ್ಟು ಒತ್ತಿದ ಹೆಂಗಸು ಅವರ ತಾಯಿಯೋ ಅಕ್ಕನೋ ಆಗಿರಬಹುದಾದ್ದರಿಂದ, ಹುಡುಕಬೇಕಾದ ಹೆಸರು ಆಕೆಯದೇ.

ಆಸ್ತಿ ಕುಟುಂಬದ ಯಜಮಾನನ ಅಥವಾ ಯಜಮಾಂತಿಯ ಹೆಸರಿನಲ್ಲಿರುತ್ತಿತ್ತು; ಮುಂಬಯಿ ಸೇರಿದ ಹುಡುಗನ ಹೆಸರು ವರ್ಗದ (ಜಮೀನು ಹಿಡುವಳಿಯ) ದಾಖಲೆಯಲ್ಲಿ ಸಿಗುವುದು ಕಷ್ಟ. ಆದರೆ 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳಿಗೆ, ಅಂದರೆ ಕುಟುಂಬದೊಳಗೆ ಒಬ್ಬೊಬ್ಬ ಹೆಂಗಸಿನ ಸಂತತಿಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ದೊರೆತು, ಅಲ್ಲಿಂದ ಮುಂದಿನ ನೋಂದಾಯಿತ ಪಾಲುಪತ್ರಗಳಲ್ಲಿ ಪ್ರತಿಯೊಂದು ಕವರಿನವರನ್ನೂ, ‘ಸದ್ಯ ಮುಂಬಯಿಯಲ್ಲಿ ವಾಸ’ ಎಂಬಂಥ ಮಾತಿನೊಡನೆ, ಹೆಸರಿಸಿರುವುದುಂಟು. ತೀರಿಹೋದವರ ಹೆಸರೂ ವಂಶಾವಳಿಯಲ್ಲಿ ಬರುತ್ತದೆ. ಕುಟುಂಬ ಗೇಣಿಯದಾಗಿದ್ದರೆ, 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂನ್ಯಾಯಮಂಡಳಿಗೆ ಕೊಟ್ಟ ಡಿಕ್ಲರೇಶನ್‌ಗಳ ಕಡತಗಳನ್ನು ಕೇಳಿ. ಹೊನ್ನಾವರವೆಂದಾದರೆ ಈ ಮಾತೆಲ್ಲ ಬೇರೆ, ಅಲ್ಲಿ ಪಹಣಿಯ ವಾರಸಾ ನಮೂದುಗಳನ್ನು ಹಿಡಿದು ಹಿಂದೆ ಹೋಗಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತೆಳು ಕಾಗದವಿಟ್ಟು ಮೂರು ಸಲ ಗೆರೆ ಎಳೆದೆ. ನೆತ್ತಿಯಲ್ಲಿ ಮಸಿಯ ಕಲೆಯಷ್ಟೇ ಇದ್ದು, ನಾಲ್ಕೂ ಅಕ್ಷರಗಳು ಬಲಕ್ಕಿವೆ. ಬ್ರಹ್ಮಾವರವೆಂದು ತಂಗಿಗೆ ಫೋನು ಮಾಡಿಯೂ ಆಯಿತು.

ಉತ್ತರ, ಪುಣೆಯಿಂದ

ಸ್ವಲ್ಪ ತಡೆಯಿರಿ. ಹೊನ್ನಾವರ ತಾಲ್ಲೂಕಿನಲ್ಲಿಯೇ ಚಂದಾವರವೆಂಬ ಊರಿದೆ. ಇಂಗ್ಲಿಷಿನಲ್ಲಿ ಅದಕ್ಕೂ ಒಂಬತ್ತು ಅಕ್ಷರ, ಕೊನೆಯ ನಾಲ್ಕೂ ಅವೇ. ನಿನ್ನೆ ನನಗೇ ಹೊಳೆದಿರಲಿಲ್ಲ, ಮನ್ನಿಸಿ. ಸಾಕ್ಷಿಯ ರುಜು ಓದಿದಿರೇ?

ಪ್ರಶ್ನೆ ಕೇಳಿದವರಿಂದ

ಈಗ ಓದಿದೆ. ಹೆಸರು ಮಾಸಿದೆ, ಅದರ ಮುಂದಿನ ‘ಐತಾಳ’ ಎಂಬ ಅಡ್ಡಹೆಸರು ಎರಡು ರಸೀದಿಗಳಲ್ಲಿ ಸ್ಪಷ್ಟವಾಗಿದೆ.

ಉತ್ತರ, ಮಡಗಾಂವದಿಂದ

ಐತಾಳರು ಕೋಟ, ಸಾಲಿಗ್ರಾಮದ ಕಡೆಯವರು, ಬ್ರಹ್ಮಾವರದಿಂದ ಸ್ವಲ್ಪವೇ ಉತ್ತರಕ್ಕೆ. ಚಂದಾವರದಲ್ಲಿ ಒಬ್ಬ ಐತಾಳರು ಕುಳಿತು ಸಾಕ್ಷಿ ಹಾಕಿದರೆಂದು ನಂಬುವುದು ನನಗೆ ಕಷ್ಟ. ಉಪನೋಂದಣಿ ಕಚೇರಿಗೆ ಹೋಗುವಾಗ ಆ ಹೆಂಗಸಿನ ಹೆಸರನ್ನು ರಸೀದಿಯಲ್ಲಿದ್ದಂತೆಯೇ ಬರೆದುಕೊಂಡು ಹೋಗಿ, ತಿದ್ದಬೇಡಿ. ಸೂಚಿಯಲ್ಲಿ ಅದೇ ಕಾಗುಣಿತದಲ್ಲಿ ಇದ್ದರೂ ಇರಬಹುದು.